ಒದ್ದೆಯಾಗದ ಪೆಟ್ಟಿಗೆ

ಏಸಿ ಪೈಪಿನ ಕೆಳಗಿನ ಕಲ್ಲು ಒಣಗಿತ್ತು.

ಚಿಕ್ಕಮ್ಮ ಹಿತ್ತಲಲ್ಲಿ ಮಂಡಿಯೂರಿ ಕೂತು ಅಂಗೈಯನ್ನು ಆ ಕಲ್ಲಿನ ಮೇಲಿಟ್ಟಳು. ಬೆಚ್ಚಗಿತ್ತು. ಕೈಗೆ ಅಂಟಿದ್ದು ಬರೀ ಧೂಳು. ಗೋಡೆಯಾಚೆ ಪಕ್ಕದ ಮನೆಯವರ ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು ಮಾತ್ರ ಬಿಡದೆ ಕೇಳುತ್ತಿತ್ತು.

"ಅಲ್ಲ ಚಿಕ್ಕಮ್ಮ, ತಪ್ಪು ಯಾರದು ಅಂತ ಹುಡುಕು ಅಂದ್ರೆ ಇಲ್ಲಿ ಕಲ್ಲು ಸವರ್ತಾ ಕೂತಿದ್ದೀಯಲ್ಲ!" ಎಂದಳು ಬಾಗಿಲಲ್ಲಿ ನಿಂತಿದ್ದ ಪುಟ್ಟಿ.

ಪುಟ್ಟಿ ಈ ಮನೆಯ ಸೊಸೆ, ಚಿಕ್ಕಮ್ಮನ ಅಕ್ಕನ ಮಗಳು. ಅವಳ ಹಿಂದೆ, ನಡುಮನೆಯ ಬಾಗಿಲ ಪಕ್ಕ, ಜಿಪ್ಪು ಎಳೆದ ಬ್ಯಾಗೊಂದು ಸಿದ್ಧವಾಗಿ ಕೂತಿತ್ತು. ಮಾವ ಬದುಕಿಡೀ ತೆಗೆದ ಚಿತ್ರಗಳ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದಿತ್ತು. ಹಗಲು ಹೊತ್ತು ಅವನ್ನಿಟ್ಟ ಕೋಣೆಯ ಏಸಿ ಆರಿಸಿ ಹಾಳು ಮಾಡಿದವಳು ಸೊಸೆಯೇ ಎಂದು ಮನೆಯಲ್ಲಿ ತೀರ್ಮಾನವಾಗಿ ಹೋಗಿತ್ತು. ಮಾವ ಮಾತು ಬಿಟ್ಟಿದ್ದರು. ಸಂಜೆಯ ಬಸ್ಸಿಗೆ ಅವಳು, ಪರವೂರಿನಲ್ಲಿ ಕೆಲಸ ಮಾಡುವ ಗಂಡನ ಬಳಿ ಹೊರಡುವವಳಿದ್ದಳು. ಹೋದರೆ ಈ ಕೆಟ್ಟ ಹೆಸರನ್ನು ಹೊತ್ತುಕೊಂಡೇ ಹೋಗಬೇಕು, ಮತ್ತೆ ಈ ಹೊಸ್ತಿಲು ತುಳಿಯುವ ಮಾತೇ ಇರಲಿಲ್ಲ.

"ಏಸಿ ಓಡ್ತಾ ಇದೆ ತಾನೇ?" ಚಿಕ್ಕಮ್ಮ ಕೇಳಿದಳು.

"ಬೆಳಗ್ಗೆಯಿಂದ ಓಡ್ತಾನೇ ಇದೆ. ಒಳಗೆ ಚಳಿ ಹಿಡಿಯೋ ಹಾಗಿದೆ."

"ಈ ಸೆಕೆಗೆ ನನ್ನ ಮೈಯಿಂದಲೇ ಒಂದು ಚೊಂಬು ನೀರು ಇಳೀತಾ ಇದೆ. ಇಷ್ಟು ಹೊತ್ತು ಓಡಿದ ಏಸಿಯಿಂದ ಒಂದು ತೊಟ್ಟೂ ಇಲ್ವಲ್ಲ, ಪುಟ್ಟಿ?"

ಪುಟ್ಟಿಗೆ ಅದರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಷ್ಟು ಖುಷಿಯಾಯಿತು. ಪತ್ತೇದಾರಿಕೆಗೆ ಇಳಿಯುವ ಮೊದಲು ಅವಳು ವಿಮಾ ಕಂಪನಿಯ ಪರವಾಗಿ ನೆನೆದ ಗೋದಾಮುಗಳನ್ನು ನೋಡಿ ಬರುವ ಕೆಲಸದಲ್ಲಿದ್ದಳು. ಯಾವ ಮಾಲು ನೆನೆದರೂ ಅವಳ ಮೊದಲ ಪ್ರಶ್ನೆ ಒಂದೇ ಆಗಿರುತ್ತಿತ್ತು: ನೀರು ಯಾವ ಕಡೆಯಿಂದ ಬಂತು? ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕಲ್ಲಿನ ಮೇಲೆ ಒಂದು ಗುಂಡನೆಯ ಕಲೆ ಇತ್ತು. ಎಂದೋ ಬೆಳೆದ ಪಾಚಿ ಒಣಗಿ ಕಪ್ಪಾಗಿತ್ತು. ಅಂದರೆ ಮೊದಲು ಇಲ್ಲಿ ನೀರು ಬೀಳುತ್ತಿತ್ತು, ಈಗ ಬೀಳುತ್ತಿಲ್ಲ. ಪೈಪಿನ ತುದಿ ಬಳ್ಳಿಯೊಂದರ ದಟ್ಟ ಎಲೆಗಳಲ್ಲಿ ಮುಚ್ಚಿಹೋಗಿತ್ತು. ಅದನ್ನು ಆಮೇಲೆ ನೋಡಿದರಾಯಿತೆಂದು ಅವಳು ಕೈ ಕೊಡವಿಕೊಂಡು ಎದ್ದಳು.

ನೆಗೆಟಿವ್ ಕೋಣೆಯಲ್ಲಿ ನಾದಿನಿ ಕಾಯುತ್ತಿದ್ದಳು. ಮಾವನ ಮಗಳು, ಪೇಟೆಯಲ್ಲಿ ಅಪ್ಪನ ಹಳೆಯ ಸ್ಟುಡಿಯೋ ನಡೆಸುವವಳು. ಈ ಕೋಣೆಗೆ ಕಾಲಿಡುವವರು ಅಪ್ಪ, ಮಗಳು, ಸೊಸೆ, ಈ ಮೂವರೇ.

"ಬನ್ನಿ ಚಿಕ್ಕಮ್ಮನವರೇ, ಬನ್ನಿ. ತನಿಖೆ ಮಾಡೋರೂ ಅತ್ತಿಗೆ ಕಡೆಯವರೇ. ತೀರ್ಪು ಏನು ಬರತ್ತೆ ಅಂತ ನಂಗೆ ಈಗಲೇ ಗೊತ್ತು ಬಿಡಿ" ಎಂದು ಅವಳು ಮೂಗು ಮುರಿದಳು.

"ನೋಡಮ್ಮ, ಕಂಡದ್ದನ್ನ ಕಂಡ ಹಾಗೆ ಹೇಳ್ತೀನಿ. ಅದು ನಮ್ಮ ಹುಡುಗಿ ಕಡೆಗೇ ಬೆರಳು ತೋರಿಸಿದ್ರೂ ಮುಚ್ಚಿಡೋಳಲ್ಲ. ಸರಿ ತಾನೇ?"

"ಈ ಮಾತು ನೆನಪಿರಲಿ."

"ಇರತ್ತೆ."

ಕೋಣೆ ನಿಜಕ್ಕೂ ತಣ್ಣಗಿತ್ತು. ಆದರೆ ಆ ತಂಪಿನಲ್ಲಿ ಹಿತವಿರಲಿಲ್ಲ. ಮೈಮೇಲೆ ಒದ್ದೆ ಟವೆಲ್ಲು ಹಾಕಿಕೊಂಡಂತಿತ್ತು, ತೋಳಿನ ಜಿಗುಟು ಹೋಗಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಚಿಕ್ಕಮ್ಮ ಎತ್ತಿ ಹಿಡಿದಳು. ಅದು ಸರಬರ ಎನ್ನದೆ ಜೋತುಬಿದ್ದಿತು. ಮೂಗಿಗೆ ಹಸಿ ಬಟ್ಟೆ ಮಡಚಿಟ್ಟ ಪೆಟ್ಟಿಗೆಯ ವಾಸನೆ ಬಡಿಯಿತು.

"ಈ ವಾಸನೆ ಯಾವಾಗಿಂದ?"

"ನಾನು ಎಷ್ಟೋ ದಿನದಿಂದ ಬಡ್ಕೋತಾ ಇದ್ದೀನಿ" ಪುಟ್ಟಿ ಬಾಗಿಲಾಚೆಯಿಂದಲೇ ಹೇಳಿದಳು. ಕೋಣೆಯೊಳಗೆ ಬರಲು ಅವಳಿಗೆ ಈಗ ಅಪ್ಪಣೆ ಇರಲಿಲ್ಲ. "ಹಾಕಿದ ತಕ್ಷಣ ಗಬ್ಬು ನಾರತ್ತೆ. ಮೊದಲು ಸ್ವಲ್ಪ ಹೊತ್ತು ಓಡಿ ನಿಲ್ತಿತ್ತು, ಈಗ ಹೊರಗಿನ ಯಂತ್ರ ಗುಂಯ್ ಅಂತಾನೇ ಇರತ್ತೆ. ಯಾರಿಗಾದ್ರೂ ತೋರಿಸಿ ಮಾವ ಅಂದೆ. 'ತಣ್ಣಗೆ ಬರ್ತಿದೆಯಲ್ಲ, ಇನ್ನೇನು ಬೇಕು' ಅಂದ್ರು. ನನ್ನ ಮಾತು ಯಾರು ಕಿವಿಗೆ ಹಾಕ್ಕೊಂಡ್ರು?"

"ಒಂದು ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದೀನಿ, ರಿಮೋಟ್ ಹಿಡ್ಕೊಂಡು ಒತ್ತುತಾ ನಿಂತಿದ್ಲು" ಎಂದಳು ನಾದಿನಿ.

"ತೇವ ಎಳೆಯೋ ಗುಂಡಿ ಹುಡುಕ್ತಿದ್ದೆ. ಹನಿ ಚಿತ್ರ ಇರತ್ತಲ್ಲ, ಅದು."

"ಹೌದಾ? ಈಗ ಹನಿ ಚಿತ್ರದ ಕಥೆ ಬಂತು."

ಇಬ್ಬರ ಜಗಳವನ್ನು ಅಲ್ಲಿಗೇ ಬಿಟ್ಟು ಚಿಕ್ಕಮ್ಮ ಕಪಾಟಿನ ಬಾಗಿಲು ತೆಗೆದಳು. ಏಸಿಯ ನೇರ ಕೆಳಗೆ, ಗೋಡೆಗೆ ಒತ್ತಿ ನಿಲ್ಲಿಸಿದ ಎತ್ತರದ ಮರದ ಕಪಾಟು ಅದು. ಪ್ರತಿ ಅಂಕಣದಲ್ಲೂ ರಟ್ಟಿನ ಪೆಟ್ಟಿಗೆಗಳು ಎರಡು ಸಾಲಾಗಿ, ಮುಂದೊಂದು ಹಿಂದೊಂದು, ಕೂತಿದ್ದವು. ಮುಂದಿನ ಸಾಲಿನದೊಂದನ್ನು ತೆರೆದು ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದಳು. ಸ್ವಚ್ಛವಾಗಿತ್ತು. ಫಿಲ್ಮ್ ಪಟ್ಟಿಯ ಒಂದು ಮೂಲೆಯನ್ನು ಯಾರೋ ಓರೆಯಾಗಿ ಕತ್ತರಿಸಿದ್ದರು.

"ಇದೇನು, ಇಲಿ ಕಡಿದಿದೆಯಾ?"

"ಅಪ್ಪನ ಅಭ್ಯಾಸ ಅದು" ಎಂದಳು ನಾದಿನಿ. ಅಪ್ಪನ ಮಾತು ಬಂದರೆ ಅವಳ ದನಿ ಮೆತ್ತಗಾಗುತ್ತಿತ್ತು. "ಕತ್ತಲಲ್ಲಿ ಯಾವ ಕಡೆ ಮೇಲೆ ಅಂತ ಬೆರಳಿಗೆ ಗೊತ್ತಾಗಲಿ ಅಂತ. ಅವರ ಒಂದೊಂದು ಪಟ್ಟಿಗೂ ಹಾಗೆ ಮೂಲೆ ಕತ್ತರಿಸಿರತ್ತೆ."

ಹಿಂದಿನ ಸಾಲಿನ ಪೆಟ್ಟಿಗೆಯೊಂದನ್ನು ಚಿಕ್ಕಮ್ಮ ಹೊರಗೆಳೆದಳು. ರಟ್ಟು ಕೈಗೆ ಮೆತ್ತಗೆ ಸಿಕ್ಕಿತು. ಒಳಗೆ ಬಿಳಿಯ ಬೂಷ್ಟು ಹಬ್ಬಿತ್ತು. ಇನ್ನೊಂದು ಅಂಕಣ ನೋಡಿದಳು. ಅಲ್ಲೂ ಮುಂದಿನದು ಒಣಗಿತ್ತು, ಹಿಂದಿನದು ಹಾಳು.

"ಈಗ ಒಂದು ಮಾತು ಕೇಳ್ತೀನಿ" ಎಂದು ಅವಳು ನಾದಿನಿಯತ್ತ ತಿರುಗಿದಳು. "ಏಸಿ ಆರಿಸಿದ್ರೆ ಹೊರಗಿನ ತೇವ ಕೋಣೆ ತುಂಬ ಬರತ್ತೆ ತಾನೇ? ಆಗ ಮುಂದಿನ ಪೆಟ್ಟಿಗೆಗೆ ಮೊದಲು ಬೂಷ್ಟು ಹಿಡೀಬೇಕಿತ್ತು. ಮುಂದಿನವು ನೆಟ್ಟಗಿವೆ, ಹಿಂದಿನವು ಕೊಳೆತಿವೆ. ನಿಮ್ಮ ಅತ್ತಿಗೆ ಕಪಾಟಿನ ಹಿಂದೆ ಅವಿತುಕೊಂಡು ಏಸಿ ಆರಿಸ್ತಿದ್ಲಾ?"

ನಾದಿನಿ ತಾನೇ ಹಿಂದಿನ ಪೆಟ್ಟಿಗೆಯೊಂದನ್ನು ಎತ್ತಿ ರಟ್ಟು ಒತ್ತಿ ನೋಡಿದಳು.

ಅಷ್ಟರಲ್ಲಿ ಏಸಿ ಮೆಕ್ಯಾನಿಕ್ ಬಂದ. ಯಾವ ಏಸಿಗೆ ಯಾವ ರೋಗವಿದ್ದರೂ ಗ್ಯಾಸ್ ತುಂಬಿಸಬೇಕು ಎನ್ನುವುದರಲ್ಲಿ ಅವನದು ಎತ್ತಿದ ಕೈ. ಬೀದಿಯವರು ಅವನಿಗೆ ಗ್ಯಾಸಣ್ಣ ಎಂದೇ ಹೆಸರಿಟ್ಟಿದ್ದರು. ಅವನು ತಲೆಯೆತ್ತಿ ಯಂತ್ರವನ್ನು ನೋಡಿದ್ದೇ ತಡ, "ಗ್ಯಾಸ್ ಹೋಗಿದೆ ಮೇಡಂ" ಎಂದ.

"ಮೂತಿ ನೋಡಿಯೇ ಹೇಳಿಬಿಟ್ಯಲ್ಲಪ್ಪ! ಗ್ಯಾಸ್ ಹೋಗಿದ್ರೆ ಇಷ್ಟು ತಣ್ಣಗೆ ಹೇಗೆ ಬರ್ತಿದೆ?"

ಗ್ಯಾಸಣ್ಣ ತಲೆ ಕೆರೆದುಕೊಂಡ. "ಅದೂ ಹೌದು ಅನ್ನಿ."

"ಮೊದಲು ಈ ಕಪಾಟು ಎಳೆಯೋಕೆ ಒಂದು ಕೈ ಕೊಡು."

ಮೂವರೂ ಸೇರಿ ಕಪಾಟನ್ನು ಎಳೆದರು. ಹಿಂದಿನ ಗೋಡೆ ಏಸಿಯ ಬುಡದಿಂದ ನೆಲದವರೆಗೆ ನೆನೆದು ಕಪ್ಪಾಗಿತ್ತು. ಕಪಾಟಿನ ಬೆನ್ನಿನ ಹಲಗೆ ಊದಿಕೊಂಡು ಪದರ ಬಿಟ್ಟಿತ್ತು. ನೋಡನೋಡುತ್ತಿದ್ದಂತೆ ಯಂತ್ರದ ಹಿಂಬದಿಯಿಂದ ನೀರಿನ ತೆಳ್ಳನೆಯ ಎಳೆಯೊಂದು ಗೋಡೆಗುಂಟ ಇಳಿದು ಬಂತು.

"ಅಯ್ಯಯ್ಯೋ, ನೀರು ಹೊರಗೆ ಹೋಗೋ ಬದಲು ಒಳಗೇ ಇಳೀತಿದೆ! ಒಳಗಿನ ತಟ್ಟೆ ತುಂಬಿ ತುಳುಕ್ತಿದೆ ಮೇಡಂ. ಪೈಪು ಕಟ್ಟಿದೆ" ಎಂದ ಗ್ಯಾಸಣ್ಣ. ಈ ಸಲ ಗ್ಯಾಸಿನ ಹೆಸರೆತ್ತಲಿಲ್ಲ.

ಬಾಗಿಲಾಚೆ ಪುಟ್ಟಿ ಗೋಡೆಗೆ ಒರಗಿ ಉಸಿರು ಬಿಟ್ಟಳು. ಅಳು ಬಂದೇಬಿಟ್ಟಿತು. ಅಳುತ್ತಲೇ ನಕ್ಕಳು. ಚಿಕ್ಕಮ್ಮನಿಗೂ ಕಣ್ಣು ತುಂಬಿತು. ಆದರೆ ಪೈಪು ತಾನಾಗಿಯೇ ಕಟ್ಟಿತೋ, ಯಾರಾದರೂ ಕಟ್ಟಿಸಿದರೋ ಎಂಬುದು ಇನ್ನೂ ಗೊತ್ತಾಗಬೇಕಿತ್ತು.

ಹಿತ್ತಲಿಗೆ ಬಂದು ಅವಳು ಬಳ್ಳಿಯ ಎಲೆಗಳನ್ನು ಸರಿಸಿದಳು. ಪೈಪಿನ ಬಾಯಿಂದ ಒಂದು ಬಟ್ಟೆಯ ತುದಿ ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಹಳದಿ ಬಣ್ಣದ ಮೆತ್ತನೆಯ ಬಟ್ಟೆ. ಮಿಕ್ಕದ್ದು ಒಳಗೆ ತುರುಕಿತ್ತು, ಲೋಳೆ ಕಟ್ಟಿಕೊಂಡು ಬಿರಡೆಯಂತಾಗಿತ್ತು.

ಅಂಥ ಬಟ್ಟೆಯನ್ನು ಅವಳು ಈ ಮನೆಗೆ ಬಂದ ದಿನವೇ ನೋಡಿದ್ದಳು. ಮಾವ ಲೆನ್ಸ್ ಒರೆಸುತ್ತಿದ್ದುದು ಅಂಥದ್ದೇ ಬಟ್ಟೆಯಲ್ಲಿ.

ಮಾವ ಹಿಂಬದಿಯ ಜಗಲಿಯಲ್ಲಿ ಆರಾಮಕುರ್ಚಿಯ ಮೇಲೆ ಕೂತಿದ್ದರು. ಎದುರಿಗೆ ರೇಡಿಯೋ ಇತ್ತು, ಆದರೆ ಹಾಡುತ್ತಿರಲಿಲ್ಲ. ನಾಲ್ಕಾರು ದಿನಗಳಲ್ಲಿ ಅವರ ಚಿತ್ರಗಳ ಪ್ರದರ್ಶನ ತೆರೆಯಬೇಕಿತ್ತು. ಆ ಉತ್ಸಾಹವೇ ಅವರ ಮುಖದಲ್ಲಿ ಉಳಿದಿರಲಿಲ್ಲ.

"ಬೀಗರೇ, ಒಂದು ಮಾತು."

"ಹೇಳಿ ಬೀಗಿತ್ತಿ. ಸೊಸೆಯನ್ನ ಬಿಟ್ಟುಬಿಡಿ ಅಂತ ತಾನೇ? ನಾನೇನು ಹಿಡ್ಕೊಂಡಿಲ್ಲ, ಹೊರಡು ಅಂತಾನೂ ಅಂದಿಲ್ಲ."

"ಮಾತಾಡೋದೂ ಇಲ್ಲ."

"ಏನು ಮಾತಾಡಲಿ? ಮನೆ ಹಿಂದಿನ ಡಾರ್ಕ್‌ರೂಮಲ್ಲಿ ನಿಲ್ಲಿಸ್ಕೊಂಡು, ಮಗಳಿಗೆ ಕಲಿಸಿದ್ದನ್ನೆಲ್ಲ ಅವಳಿಗೂ ಕಲಿಸಿದೆ. ಅವಳ ಕೈಲೇ ಹೀಗಾಯ್ತಲ್ಲ ಅಂತ ಹೊಟ್ಟೆ ಉರಿಯತ್ತೆ."

"ಆ ಡಾರ್ಕ್‌ರೂಮಿನ ನಲ್ಲಿಗೆ ಒಂದು ಬಟ್ಟೆ ಕಟ್ಟಿದ್ದನ್ನ ನೋಡಿದೆ, ಯಾಕೆ?"

ಮಾವ ಹುಬ್ಬೇರಿಸಿದರು. "ನೀರು ಬಟ್ಟೆ ಹಿಡ್ಕೊಂಡು ಸದ್ದಿಲ್ಲದೆ ಇಳಿಯಲಿ ಅಂತ. ಚಿತ್ರದ ಮೇಲೆ ಸಿಡಿಯಲ್ಲ. ನಮ್ಮ ಕಸುಬಿನವರು ಎಲ್ಲರೂ ಮಾಡೋದು."

"ಏಸಿ ಪೈಪಿಗೂ ಹಾಗೇ ಕಟ್ಟಿದ್ರಾ?"

"ಹೂಂ, ಕಟ್ಟಿದ್ದೆ. ಕಲ್ಲಿನ ಮೇಲೆ ಟಪ್ ಟಪ್ ಅಂತ ಒಂದೇ ಸಮ. ಮಧ್ಯಾಹ್ನ ರೇಡಿಯೋ ಕೇಳೋಕೆ ಬಿಡ್ತಿರ್ಲಿಲ್ಲ, ಕಣ್ಣು ಮುಚ್ಚೋಕೂ ಬಿಡ್ತಿರ್ಲಿಲ್ಲ. ಬಟ್ಟೆ ಬೀಳದೇ ಇರಲಿ ಅಂತ ಒಂದು ತುದಿ ಒಳಗೆ ತುರುಕಿದೆ. ಎಷ್ಟು ಚೆನ್ನಾಗಿ ಇಳೀತಿತ್ತು ಗೊತ್ತಾ? ಒಂದಿಷ್ಟೂ ಸದ್ದು…"

ಅವರ ಮಾತು ಅಲ್ಲಿಗೇ ನಿಂತಿತು. ಹಿತ್ತಲಲ್ಲಿ ಗ್ಯಾಸಣ್ಣ ಇಕ್ಕಳ ಹಾಕಿ ಬಟ್ಟೆಯನ್ನು ಹಿಡಿದು ಎಳೆದ. ಒಳಗೆ ಕಟ್ಟಿ ನಿಂತಿದ್ದ ಕಂದು ನೀರು ಭರ್ರನೆ ಸುರಿದು ಕಲ್ಲನ್ನೂ ಅವನ ಪ್ಯಾಂಟನ್ನೂ ಸೇರಿಸಿ ತೊಳೆಯಿತು. ಆಮೇಲೆ ಸ್ವಚ್ಛ ನೀರು ಒಂದೊಂದೇ ಹನಿಯಾಗಿ ಟಪ್, ಟಪ್ ಎಂದು ಬೀಳತೊಡಗಿತು.

ಮಾವ ಆ ಸದ್ದನ್ನು ಕೇಳುತ್ತ ಕೂತರು.

"ನಾನೇನಾ?" ಎಂದರು ಕೊನೆಗೆ.

"ಅಪ್ಪಟ ನೀರಿನ ನಲ್ಲಿಗಾದ್ರೆ ಬಟ್ಟೆ ಸರಿ ಬೀಗರೇ. ಏಸಿಯಿಂದ ಬರೋದು ಗಾಳಿ ತೊಳೆದ ನೀರು. ಧೂಳು, ಪಾಚಿ ಎಲ್ಲ ಬರತ್ತೆ. ನಮ್ಮ ಹವೆಗೆ ಬಟ್ಟೆ ಲೋಳೆ ಕಟ್ಟಿತು. ನೀರಿಗೆ ಹೊರಗೆ ದಾರಿ ಇರ್ಲಿಲ್ಲ, ಒಳಗೆ ಮಾಡ್ಕೊಂಡಿತು."

"ವಾಸನೆ ಬರ್ತಿದೆ ಅಂತ ಆ ಹುಡುಗಿ ಎಷ್ಟು ಸಲ ಹೇಳಿದ್ಲು. ತಣ್ಣಗಿದೆಯಲ್ಲ ಅಂತ ನಾನೇ ಬಾಯಿ ಮುಚ್ಚಿಸಿದೆ." ಮಾವ ಕನ್ನಡಕ ತೆಗೆದು, ಒರೆಸಲು ಹಳದಿ ಬಟ್ಟೆಗಾಗಿ ಜೇಬಿಗೆ ಕೈಹಾಕಿ, ನೆನಪಾಗಿ ಕೈ ಹಿಂದೆ ತೆಗೆದರು. ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು.

ದೊಡ್ಡವರೆಂಬ ಬಿಗುಮಾನವನ್ನು ಅವರು ಹೆಚ್ಚು ಹೊತ್ತು ಹಿಡಿದುಕೊಳ್ಳಲಿಲ್ಲ. ಎದ್ದು ನೇರ ನಡುಮನೆಗೆ ನಡೆದರು.

"ಪುಟ್ಟಿ."

ಸೊಸೆ ತಲೆಯೆತ್ತಿದಳು. ಆ ಹೆಸರು ಅವರ ಬಾಯಲ್ಲಿ ಬಂದು ಬಹಳ ದಿನಗಳಾಗಿದ್ದವು.

"ತಪ್ಪು ನನ್ನದು ಕಣಮ್ಮ. ನಾನೇ ಕೈಯಾರೆ ಮಾಡ್ಕೊಂಡು ನಿನ್ನ ತಲೆಗೆ ಕಟ್ಟಿದೆ. ಬಸ್ಸು ಗಿಸ್ಸು ಎಲ್ಲ ಬೇಡ. ಹಿಂದಿನ ಸಾಲು ಹಾಳಾಗಿದೆ, ಮುಂದಿನದು ಇದೆಯಲ್ಲ. ಪ್ರದರ್ಶನದ ಚಿತ್ರ ನೀನೇ ತೊಳೀಬೇಕು."

"ಕಾಫಿ ಕೊಡ್ಲಾ ಮಾವ?" ಎಂದಳು ಪುಟ್ಟಿ.

"ಕೊಡು ತಾಯಿ. ನಿನ್ನ ಕೈ ಕಾಫಿ ಇಲ್ಲದೆ ನಾಲಿಗೆ ಸತ್ತುಹೋಗಿದೆ."

ಚಿಕ್ಕಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಬಾಗಿಲ ಬಳಿಯ ಬ್ಯಾಗನ್ನು ಒಳಗಿಡೋಣವೆಂದು ಅವಳು ಅದರ ಹಿಡಿಗೆ ಕೈ ಹಾಕಿದಳು.

"ಬೇಡ ಬೇಡ, ಅಲ್ಲೇ ಇರ್ಲಿ ಬಿಡು. ನಾನೇ ಎತ್ತಿಡ್ತೀನಿ" ಎಂದು ಪುಟ್ಟಿ ಅದನ್ನು ಕಾಲಿನಿಂದ ಗೋಡೆಗೆ ಸರಿಸಿ ಅಡುಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದಿನ ಜೊತೆ ಅವಳು ಹಾಡು ಗುನುಗುವುದೂ ಕೇಳಿಸಿತು.

ನೆಗೆಟಿವ್ ಕೋಣೆಯಲ್ಲಿ ಗ್ಯಾಸಣ್ಣ ಜಾಲರಿ ಬಿಚ್ಚಿ ಧೂಳು ತೊಳೆಯುತ್ತಿದ್ದ. ನಾದಿನಿ ಹಿಂದಿನ ಸಾಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲೆ ಜೋಡಿಸುತ್ತಿದ್ದಳು. ಅತ್ತಿಗೆಯ ಮೇಲೆ ಹೊರಿಸಿದ್ದು ಸುಳ್ಳಾದದ್ದಕ್ಕೆ ಅವಳ ಮುಖ ಸಪ್ಪಗಿತ್ತು.

"ಅಪ್ಪ, ಇಲ್ಲಿ ನೋಡಿ!" ಎಂದು ಅವಳು ಇದ್ದಕ್ಕಿದ್ದಂತೆ ಕೂಗಿದಳು. "ದೀಪಸ್ತಂಭದ ಪೆಟ್ಟಿಗೆ ಹಾಳಾಗಿಲ್ಲ!"

ಮಾವನ ಮುಖಕ್ಕೆ ಕಳೆ ಬಂತು. ದೀಪಸ್ತಂಭದ ಚಿತ್ರಗಳೆಂದರೆ ಅವರ ಪ್ರಾಣ, ಒಳ್ಳೆಯ ಬೆಲೆ ಬಂದರೂ ಆ ನೆಗೆಟಿವ್‌ಗಳನ್ನು ಮಾರಿರಲಿಲ್ಲ. ಪ್ರದರ್ಶನಕ್ಕೆ ಬರುವವರೆಲ್ಲ ಅವನ್ನೇ ನೋಡಲು ಬರುವವರು. ಅವರು ಪೆಟ್ಟಿಗೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು.

"ಎಲ್ಲಿತ್ತು ಇದು?" ಚಿಕ್ಕಮ್ಮ ಕೇಳಿದಳು.

"ಹಿಂದಿನ ಸಾಲಲ್ಲೇ. ಸರಿಯಾಗಿ ನಡುವೆ."

ಚಿಕ್ಕಮ್ಮ ಪೆಟ್ಟಿಗೆಯ ಬೆನ್ನನ್ನು ಬೆರಳಿಂದ ಒತ್ತಿದಳು. ರಟ್ಟು ಗಟ್ಟಿಯಾಗಿತ್ತು. ಅದರ ಎಡಕ್ಕಿದ್ದ ಪೆಟ್ಟಿಗೆ ನೆನೆದು ಕರಗಿತ್ತು, ಬಲಕ್ಕಿದ್ದುದೂ ಹಾಗೆಯೇ. ಇದರಲ್ಲಿ ಮಾತ್ರ ಒಂದು ಕಲೆಯೂ ಇರಲಿಲ್ಲ. ಇಷ್ಟು ದಿನ ನೀರು ಇಳಿಯುತ್ತಿದ್ದಾಗ ಈ ಪೆಟ್ಟಿಗೆ ಇಲ್ಲಿರಲಿಲ್ಲ. ಯಾರೋ ತೆಗೆದುಕೊಂಡು ಹೋಗಿದ್ದರು. ಯಾರಿಗೂ ತಿಳಿಯದಂತೆ ಮೊನ್ನೆಮೊನ್ನೆ ತಂದಿಟ್ಟಿದ್ದರು.

"ಬೀಗರೇ, ನೀವು ಇದನ್ನ ಹೊರಗೆ ತೆಗೆದಿದ್ರಾ?"

"ಇಲ್ವಲ್ಲ. ಪ್ರದರ್ಶನದ ಹಿಂದಿನ ದಿನವೇ ತೆಗೆಯೋದು ಅಂತಿದ್ದೆ." ಮಾವನಿಗೆ ಈಗ ಯಾವ ಪ್ರಶ್ನೆಯೂ ಬೇಡವಾಗಿತ್ತು. ಒಂದು ಪಟ್ಟಿ ಹೊರತೆಗೆದು ಕಣ್ಣು ಮುಚ್ಚಿಕೊಂಡರು. "ನೋಡ್ತಿರಿ ಬೀಗಿತ್ತಿ, ಕಣ್ಣು ಮುಚ್ಕೊಂಡೇ ಹೇಳ್ತೀನಿ ಯಾವ ಕಡೆ ಮೇಲೆ ಅಂತ."

ಅವರ ಹೆಬ್ಬೆರಳು ಪಟ್ಟಿಯ ಒಂದು ಮೂಲೆಗೆ ಹೋಯಿತು. ಇನ್ನೊಂದು ಮೂಲೆಗೆ ಹೋಯಿತು. ನಾಲ್ಕೂ ಮೂಲೆ ಸುತ್ತಿ ಬಂತು. ಅವರು ಕಣ್ಣು ತೆರೆದು, ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಕತ್ತರಿಸಿದ ಮೂಲೆ ಇದೆ. ಕಾಣ್ತಿದೆ. ಆದ್ರೆ ಬೆರಳಿಗೆ ಸಿಗ್ತಿಲ್ಲ."

"ಅಂದ್ರೆ?"

"ಕತ್ತರಿಸಿದ್ದು ಚಿತ್ರದೊಳಗಿದೆ. ಈ ಫಿಲ್ಮನ್ನ ಯಾರೂ ಕತ್ತರಿಸಿಲ್ಲ." ಅವರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇದು ನನ್ನ ನೆಗೆಟಿವ್ ಅಲ್ಲ. ನನ್ನದರ ಮೇಲೆ ಹೊಸ ಫಿಲ್ಮಿಟ್ಟು ತೆಗೆದ ಕಾಪಿ. ನನ್ನದು ಎಲ್ಲಿ ಹೋಯ್ತು?"

ಗ್ಯಾಸಣ್ಣ ಜಾಲರಿ ಉಜ್ಜುವುದನ್ನು ನಿಲ್ಲಿಸಿದ. ಹೊರಗೆ ನೀರು ಕಲ್ಲಿನ ಮೇಲೆ ಬೀಳುತ್ತಿತ್ತು.

"ಹೀಗೆ ಕಾಪಿ ತೆಗೆಯೋಕೆ ಯಾರಿಗೆ ಬರತ್ತೆ?" ಚಿಕ್ಕಮ್ಮ ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು.

"ನನಗೆ ಬರತ್ತೆ. ನಾನು ಕಲಿಸಿದ ಇಬ್ಬರಿಗೆ ಬರತ್ತೆ" ಎಂದರು ಮಾವ.

ನಾದಿನಿಯ ಮುಖ ಬಿಳಿಚಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಸ್ಟುಡಿಯೋದ ಡಾರ್ಕ್‌ರೂಮ್ ಒಡೆಸಿ ಸಾಮಾನು ತುಂಬಿಸಿ ವರ್ಷ ಕಳೀತು ಅಪ್ಪ, ನಿಮಗೇ ಗೊತ್ತು. ಈಗ ಇರೋದು ಈ ಮನೆ ಹಿಂದಿನದೊಂದೇ. ಅಲ್ಲಿ ದಿನಾ ಕೆಲಸ ಮಾಡ್ತಿದ್ದದ್ದು ಯಾರು?" ಅವಳು ಚಿಕ್ಕಮ್ಮನ ಕಡೆ ತಿರುಗಿದಳು. "ಕಂಡದ್ದನ್ನ ಮುಚ್ಚಿಡಲ್ಲ ಅಂದ್ರಲ್ಲ ಚಿಕ್ಕಮ್ಮನವರೇ. ಸಂಜೆ ಬಸ್ಸಿಗೆ ಹೊರಟಿದ್ದ ಆ ಬ್ಯಾಗನ್ನ ನೀವೇ ತೆಗೆದು ತೋರಿಸಿ."

ಬೆಳಗ್ಗೆಯಿಂದ ಪುಟ್ಟಿಯನ್ನು ಬಿಡಿಸಲು ಚಿಕ್ಕಮ್ಮ ಯಾವ ನೀರಿನ ಜಾಡು ಹಿಡಿದು ಬಂದಿದ್ದಳೋ, ಅದೇ ಜಾಡು ಈಗ ಅಡುಗೆಮನೆಯ ಕಡೆ ತಿರುಗಿತ್ತು. ಕೊಟ್ಟ ಮಾತನ್ನು ನುಂಗಲು ಅವಳಿಗೆ ಬರುತ್ತಿರಲಿಲ್ಲ. ನಡುಮನೆಗೆ ಬಂದು, ಗೋಡೆಯ ಬಳಿ ಬಗ್ಗಿ, ಜಿಪ್ಪಿಗೆ ಬೆರಳು ಹಾಕಿದಳು. ಮಾವ, ನಾದಿನಿ ಹಿಂದೆಯೇ ಬಂದು ನಿಂತರು. ಬ್ಯಾಗಿನಲ್ಲಿ ಏನೂ ಇಲ್ಲದಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

ಅಡುಗೆಮನೆಯ ಹಾಡು ನಿಂತಿತು. ಪುಟ್ಟಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಚಿಕ್ಕಮ್ಮ," ಎಂದಳು ಅವಳು, "ಮಾವನ ಎದುರಿಗೆ ಅದನ್ನ ತೆಗೀಬೇಡ."